ಯೆಜ್ಡಿಯೋ ಆರ್‌ಎಕ್ಸೋ?

ಶನಿವಾರ ರಾತ್ರಿ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ನಿಂತರೆ ಒಂದಾದರೂ ಸೂಪರ್‌ಕಾರು ಗುಟುರು ಹಾಕ್ತಾ ಹೋಗುತ್ತೆ. ಹೋಗುತ್ತೆ ಅಂದ್ರೆ, ಮುಂದಿನ ಸಿಗ್ನಲ್‌ವರೆಗೆ. ಹಳ್ಳಿಯಿಂದ ಬಂದ ನನ್ನಂಥವರ ಸೂಪರ್‌ಕಾರಿಗೆ ಎರಡೇ ಚಕ್ರ: ಮೈಸೂರಿನ ಯೆಜ್ಡಿ, ಇಲ್ಲಾ ಯಮಹಾ ಆರ್‌ಎಕ್ಸ್ 100. ಯಾವುದು ಮೇಲು ಅನ್ನೋ ಜಗಳ ನಮ್ಮ ಆಫೀಸಿನ ಎದುರಿನ ಟೀ ಅಂಗಡೀಲಿ ಇನ್ನೂ ಮುಗಿದಿಲ್ಲ.

ಮೊದಲು ಲೆಕ್ಕ. ಆರ್‌ಎಕ್ಸ್ ಎಂಜಿನ್ 98 ಸಿಸಿ, ಶಕ್ತಿ 11 ಬಿಎಚ್‌ಪಿ. ಲೀಟರಿಗೆ ಸುಮಾರು 112 ಆಯ್ತು. 1990ರ ದಶಕದ ಮೆಕ್ಲಾರೆನ್ ಎಫ್1 ಕಾರಿನದು 100ರ ಆಸುಪಾಸು! ಕಾಲರ್ ಏರಿಸೋ ಮುಂಚೆ ಒಂದು ಮಾತು: ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಸಿಡಿಯುತ್ತೆ, ಕಾರಿನ ಸಿಲಿಂಡರು ಎರಡು ಸುತ್ತಿಗೊಮ್ಮೆ. ಆ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಒಳಬಂದ ಮಿಶ್ರಣ ವಾಪಸ್ ಹೋಗದಂತೆ ತಡೆಯೋ ರೀಡ್ ವಾಲ್ವ್, ನೂರು ಕೆಜಿ ಆಸುಪಾಸಿನ ಹಗುರ ಮೈ, ಇವೆರಡೂ ಸೇರಿ ಆದ ಚುರುಕು ಸುಳ್ಳಲ್ಲ.

ಯೆಜ್ಡಿ 250 ಸಿಸಿ. ರೋಡ್‌ಕಿಂಗ್‌ನಲ್ಲೂ 16 ಬಿಎಚ್‌ಪಿ, ಅಂದ್ರೆ ಲೀಟರಿಗೆ 64. ಕಾಗದದ ಮೇಲೆ ಸೋತಿತು. ಅದರ ಜಾಣತನ ಇರೋದು ಬೇರೆ ಕಡೆ. ಗೇರೂ ಕಿಕ್ಕರೂ ಒಂದೇ ಲಿವರ್. ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ. ಸಂತೆಯಿಂದ ಬರುವಾಗ ಕ್ಲಚ್ ಕೇಬಲ್ ಕಡಿದರೂ ಅಪ್ಪ ರಾಗಿಮೂಟೆ ಸಮೇತ ಮನೆ ಮುಟ್ಟಿದ್ದು ಹೀಗೆ. ನಮ್ಮ ಭಾಷೇಲಿ ಹೇಳೋದಾದ್ರೆ ಆರ್‌ಎಕ್ಸ್ ಬೆಂಚ್‌ಮಾರ್ಕಿನಲ್ಲಿ ಗೆಲ್ಲುತ್ತೆ, ಯೆಜ್ಡಿ ಪ್ರೊಡಕ್ಷನ್‌ನಲ್ಲಿ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದು ಫೋನ್ ಬಂದವರಿಗೆ ನನ್ನ ಓಟು ಯಾವುದಕ್ಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಬ್ಬರ ಅಭಿಮಾನಿಗಳೂ ಮುಚ್ಚಿಡೋ ಸಂಗತಿ ಹೊಗೆ. ಎರಡೂ ಪೆಟ್ರೋಲಿನ ಜೊತೆ ಆಯಿಲ್ ಸುಡುತ್ತವೆ. ಸುಡದ ಪೆಟ್ರೋಲೂ ಒಂದಿಷ್ಟು ಸೈಲೆನ್ಸರ್‌ನಿಂದ ಹೊರಗೆ. ಎರಡರ ಉತ್ಪಾದನೆಯೂ 1996ರಲ್ಲಿ ನಿಂತಿತು. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಸಂಜೆ ಏಳಕ್ಕೆ ಸಿಕ್ಕಿಕೊಂಡವರು ಅದಕ್ಕೆ ಅಳಬೇಕಾಗಿಲ್ಲ.

ಹೋದ ತಿಂಗಳು ಅಪ್ಪ ಫೋನ್ ಮಾಡಿ, "ಗಾಡಿ ಮಾರಿಬಿಡ್ಲಾ? ಮಂಡಿ ನೋವು, ಕಿಕ್ ಹೊಡೆಯಕ್ಕಾಗಲ್ಲ" ಅಂದ್ರು. ಭಾನುವಾರ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಎರಡು ಗಂಟೆ ಸುತ್ತಿ ಒಂದು ಹಳೇ ಕಾರ್ಬ್ಯುರೇಟರ್ ತಂದೆ. ಮಾರೋದು ಬೇಡ. ಯುಗಾದಿಗೆ ಊರಿಗೆ ಹೋದಾಗ ಕಿಕ್ ನಾನೇ ಹೊಡೀತೀನಿ.