ಆಶ್ರಮವಾಸಿಕಪರ್ವದಲ್ಲಿ ವೃದ್ಧೋಪಚಾರ

ಮಹಾಭಾರತದ ಹದಿನೈದನೆಯದಾದ ಆಶ್ರಮವಾಸಿಕಪರ್ವವು ಕನ್ನಡ ವಾಚಕರಿಗೆ ಅಷ್ಟಾಗಿ ಪರಿಚಿತವಲ್ಲ. ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಪೂರೈಸಿದನಾದರೂ ಅವಕ್ಕೆ ಮೊದಲಿನ ಹತ್ತು ಪರ್ವಗಳಷ್ಟು ಪ್ರಚಾರವು ದೊರೆಯಲಿಲ್ಲ. ಓದಿದವರೂ ಇದನ್ನು ವೈರಾಗ್ಯಬೋಧಕವೆಂದು ಎಣಿಸಿ ಮುಂದೆ ಸಾಗುವುದೇ ವಾಡಿಕೆ. ಆದರೆ ಇದರ ಮೊದಲ ಅಧ್ಯಾಯಗಳಲ್ಲಿ ವೈರಾಗ್ಯಕ್ಕಿಂತ ಮುಂಚೆ ಬರುವ ವಿಷಯವು ಬೇರೆ. ಒಬ್ಬ ಅಂಧವೃದ್ಧನ ಉಪಚಾರಕ್ಕೆ ಒಂದು ಅರಮನೆಯು ಮಾಡಿದ ಏರ್ಪಾಡು, ಆ ಏರ್ಪಾಡು ಒಳಗೊಳಗೇ ಕೆಟ್ಟ ಬಗೆ, ಇವೆರಡನ್ನೂ ಕವಿಯು ಅಲ್ಲಿ ನಿರ್ದಾಕ್ಷಿಣ್ಯವಾಗಿ ನಿರೂಪಿಸಿರುವನು.

ಏರ್ಪಾಡಿನಲ್ಲಿ ಲೋಪವೇನೂ ಕಾಣದು. ವಿದುರ, ಸಂಜಯ, ಯುಯುತ್ಸುಗಳು ಧೃತರಾಷ್ಟ್ರನ ಬಳಿಯಲ್ಲಿಯೇ ಇರುವರು. ಕುಂತಿಯು ಗಾಂಧಾರಿಯ ಇಂಗಿತದಂತೆ ನಡೆಯುವಳು. ದ್ರೌಪದೀ ಸುಭದ್ರೆಯರು ಇಬ್ಬರು ಅತ್ತೆಯರನ್ನೂ ಸಮನಾಗಿ ಸೇವಿಸುವರು. ಅಡಿಗೆಯವರಲ್ಲಿಯೇ ಮೂರು ವರ್ಗಗಳನ್ನು ಕವಿಯು ಹೆಸರಿಸುವನು: ಆರಾಲಿಕರು, ಸೂಪಕಾರರು, ರಾಗಖಾಂಡವಿಕರು. ಬೆಲೆಬಾಳುವ ಹಾಸಿಗೆ, ವಸ್ತ್ರ, ಮಾಂಸ, ಮೈರೇಯ ಯಾವುದಕ್ಕೂ ಕೊರತೆಯಿಲ್ಲ. (ಆ ವಯಸ್ಸಿನಲ್ಲಿ ಮೈರೇಯವೆಷ್ಟು ಹಿತವೆಂಬುದನ್ನು ಆಯುರ್ವೇದಜ್ಞರು ವಿಚಾರಿಸಲಿ.) ಇದೆಲ್ಲದರ ಮೇಲೆ ಯುಧಿಷ್ಠಿರನ ಆಜ್ಞೆಯೊಂದುಂಟು: ವೃದ್ಧರಾಜನ ಮಾತಿನಂತೆ ನಡೆದವನು ತನಗೆ ಮಿತ್ರನು, ನಡೆಯದವನು ಶತ್ರುವು, ದಂಡಾರ್ಹನು.

ಹೀಗೆ ಹದಿನೈದು ವರ್ಷಗಳು ಕಳೆದುವು. ಈ ಅವಧಿಯಲ್ಲಿ ಭೀಮನು ಗುಟ್ಟಾಗಿ ಅಪ್ರಿಯವನ್ನಾಚರಿಸುತ್ತಲೇ ಇದ್ದನು. ತೋಳು ತಟ್ಟಿ, ಕುರುಡನ ಮಕ್ಕಳನ್ನು ಕೊಂದ ತೋಳುಗಳಿವು ಎಂದು ಅವರಿಬ್ಬರಿಗೂ ಕೇಳುವಂತೆ ಆಡಿದುದು ಎಲ್ಲರೂ ಬಲ್ಲ ಸಂಗತಿ. ಅದಕ್ಕಿಂತ ಘೋರವಾದುದನ್ನು ಮೂಲವು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಗುವುದು: ಕಪಟಿಗಳಾದ ಆಳುಗಳ ಮೂಲಕ ಭೀಮನು ವೃದ್ಧನ ಆಜ್ಞೆಗಳನ್ನು ವಿಫಲಗೊಳಿಸುತ್ತಿದ್ದನು. ಕರೆದರೆ ಬಾರದ, ಬಂದರೂ ಹೇಳಿದುದನ್ನು ಮಾಡದ ಆಳು ಕುರುಡನಿಗೆ ಎಂತಹ ಶಿಕ್ಷೆಯೆಂಬುದನ್ನು ವಿವರಿಸಬೇಕಾದುದಿಲ್ಲ. ಯುಧಿಷ್ಠಿರನಿಗೆ ಇದು ತಿಳಿಯದು. ಅರ್ಜುನನಿಗೂ ಕುಂತಿಗೂ ದ್ರೌಪದಿಗೂ ತಿಳಿಯದು.

ಕಡೆಗೆ ಧೃತರಾಷ್ಟ್ರನೇ ಬಾಯಿಬಿಡುವನು. ತಾನು ನಾಲ್ಕನೆಯ ಹೊತ್ತಿಗೊಮ್ಮೆ, ಒಮ್ಮೊಮ್ಮೆ ಎಂಟನೆಯ ಹೊತ್ತಿಗೆ, ಬಾಯಾರಿಕೆಯಡಗುವಷ್ಟನ್ನು ಮಾತ್ರ ಉಣ್ಣುವುದಾಗಿ ಹೇಳುವನು. ದಿನಕ್ಕೆ ಎರಡು ಹೊತ್ತೆಂದು ಎಣಿಸಿದರೆ ಎಂಟನೆಯದು ನಾಲ್ಕನೆಯ ದಿನದ ಸಂಜೆ. ಗಾಂಧಾರಿಯೊಬ್ಬಳೇ ಇದನ್ನು ಬಲ್ಲಳು. ಪರಿಜನರೆಲ್ಲರೂ ಅವನು ಉಣ್ಣುತ್ತಿರುವನೆಂದೇ ತಿಳಿದಿರುವರು. ಈ ಸ್ಥಳದಲ್ಲಿ ‘ಯುಧಿಷ್ಠಿರಭಯಾತ್’ ಎಂಬ ಪದವೊಂದು ಬರುವುದು. ಭಯವು ಯಾರದು? ಯುಧಿಷ್ಠಿರನು ಸಂಕಟಪಡುವನೆಂದು ವೃದ್ಧನೇ ಅಂಜಿ ಮರೆಮಾಡಿದನೆಂದು ಒಂದು ಅರ್ಥ. ದೊರೆಗೆ ಅಂಜಿದ ಪರಿಜನರು ‘ಉಣ್ಣುತ್ತಿರುವನು’ ಎಂದೇ ಇಟ್ಟುಕೊಂಡರೆಂದು ಇನ್ನೊಂದು ಅರ್ಥ. ಅನ್ವಯವು ಎರಡಕ್ಕೂ ಎಡೆಗೊಡುವುದು. ಪರಿಜನರೆಂಬ ಪದದ ಸಾಮೀಪ್ಯವನ್ನೂ ಮೇಲೆ ಕಂಡ ದಂಡಾಜ್ಞೆಯನ್ನೂ ಒಟ್ಟಿಗೆ ನೋಡಿದರೆ ಎರಡನೆಯ ಅರ್ಥವೇ ಪ್ರಕರಣಕ್ಕೆ ಹೆಚ್ಚು ಒಗ್ಗುವುದು. ದಂಡಕ್ಕೆ ಹೆದರಿದ ಸೇವಕನು ಎಲೆಯಲ್ಲಿ ಮಿಕ್ಕ ಅನ್ನದ ಸುದ್ದಿಯನ್ನು ಒಡೆಯನಿಗೆ ಮುಟ್ಟಿಸನು. ಧರ್ಮರಾಜನ ಕಟ್ಟುನಿಟ್ಟೇ ಧರ್ಮರಾಜನ ಕಣ್ಣನ್ನು ಮುಚ್ಚಿತು.

ಇಂದು ವೃದ್ಧೋಪಚಾರವು ಪ್ರತ್ಯೇಕವಾದ ಸಂಶೋಧನಕ್ಷೇತ್ರವಾಗಿ ಬೆಳೆದಿರುವುದರಿಂದ ಈ ಪ್ರಕರಣಕ್ಕೆ ಹೊಸ ಪ್ರಯೋಜನವುಂಟು. 2011ರ ಜನಗಣತಿಯಲ್ಲಿಯೇ ಭಾರತದಲ್ಲಿ ಅರುವತ್ತು ತುಂಬಿದವರ ಸಂಖ್ಯೆಯು 10 ಕೋಟಿಯನ್ನು ದಾಟಿತ್ತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯನ್ನು ಕುರಿತ 2007ರ ಕಾಯಿದೆಯು ಮಕ್ಕಳು ಕೊಡಬೇಕಾದ ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಗಳ ಪರಮಾವಧಿಯನ್ನು ಗೊತ್ತುಮಾಡಿತು. ಸಂಬಳಕ್ಕೆ ಮನೆಗೆ ಬಂದು ವೃದ್ಧರಿಗೆ ಉಣಿಸಿ ಮೈ ತೊಳೆಯುವವರ ಶಿಕ್ಷಣ, ಮೇಲ್ವಿಚಾರಣೆಗಳಿಗೆ ಅದರಲ್ಲಿ ನಿಯಮವಿಲ್ಲ. ಜಪಾನಿನಲ್ಲಿ 1997ರಲ್ಲಿ ಶಾಸನವಾಗಿ 2000ದಲ್ಲಿ ಜಾರಿಗೆ ಬಂದ ದೀರ್ಘಶುಶ್ರೂಷೆಯ ವಿಮೆಯಾದರೋ ಉಪಚರಿಸುವವರ ಕೆಲಸವನ್ನು ಬೇರೆಯಾಗಿಯೂ, ಉಪಚಾರದ ಯೋಜನೆಯನ್ನು ಬರೆದು ಅದು ನಡೆಯುತ್ತಿರುವುದೇ ಎಂದು ನೋಡುವವರ ಕೆಲಸವನ್ನು ಬೇರೆಯಾಗಿಯೂ ಇರಿಸಿತು. ಹಸ್ತಿನಾವತಿಯಲ್ಲಿ ಮೊದಲನೆಯ ಬಗೆಯವರು ತುಂಬಿದ್ದರು. ಎರಡನೆಯ ಬಗೆಯವನಾಗಬಲ್ಲ ವಿದುರನಿದ್ದರೂ, ಊಟವನ್ನು ಕಣ್ಣಾರೆ ನೋಡುವ ಕೆಲಸವು ಅವನಿಗೆ ಸೇರಿತ್ತೆಂದು ಕವಿಯು ಎಲ್ಲಿಯೂ ಹೇಳಿಲ್ಲ.

ಉಪವಾಸದಿಂದ ಬಳಲಿ ಮುದುಕನು ಗಾಂಧಾರಿಯನ್ನೊರಗಿ ಮೈಮರೆತಾಗ ಯುಧಿಷ್ಠಿರನು ತಣ್ಣೀರಿನ ಕೈಯಿಂದ ಅವನ ಎದೆಯನ್ನೂ ಮುಖವನ್ನೂ ಸವರುವನು. ಎಚ್ಚೆತ್ತವನು ಮತ್ತೊಮ್ಮೆ ಮುಟ್ಟೆಂದು ಬೇಡುವನು. ಹದಿನೈದು ವರ್ಷಗಳ ಉಪಚಾರವರ್ಣನೆಯಲ್ಲಿ ಪದಾರ್ಥಗಳ ಪಟ್ಟಿಯನ್ನೇ ಕೊಟ್ಟ ಕವಿಯು ಸ್ಪರ್ಶವನ್ನು ಇಲ್ಲಿಗೆ ಮೀಸಲಿಟ್ಟುದು ಗಮನಾರ್ಹವಾಗಿದೆ.

ವನವಾಸದಲ್ಲಿ ಪರಿಜನರ ಗುಂಪಿಲ್ಲ. ಹೊರಡುವಾಗಲೇ ಕಣ್ಣು ಕಟ್ಟಿದ ಗಾಂಧಾರಿಯು ಕುಂತಿಯ ಹೆಗಲನ್ನು ಹಿಡಿದಿರುವಳು. ಮುದುಕಿಯೇ ಮುದುಕಿಗೆ ಆಸರೆ. ಕಾಳ್ಗಿಚ್ಚು ಸುತ್ತಿದಾಗ ಧೃತರಾಷ್ಟ್ರನು ಸಂಜಯನನ್ನು ತಪ್ಪಿಸಿಕೊಂಡು ಹೋಗೆಂದು ಕಳುಹುವನು. ದೀರ್ಘಕಾಲ ಪರರ ಕಣ್ಣಾಗಿದ್ದ ಆ ಸೇವಕನು ನಡೆದುದನ್ನು ತಾಪಸರಿಗೆ ತಿಳಿಸಿ ಹಿಮವತ್ಪರ್ವತದ ಕಡೆಗೆ ಹೊರಟುಹೋದನೆಂದು ಕಥೆ. ಅವನೊಡನೆ ಹೋದವರ ಹೆಸರನ್ನು ಕವಿಯು ಹೇಳಿಲ್ಲ.