ಗಡಿಯ ಶಾಲೆಗಳಲ್ಲಿ ಇತಿಹಾಸ

ಶಾಲೆಯ ಇತಿಹಾಸ ಪುಸ್ತಕಗಳು ನೀರಸವೆಂಬ ದೂರು ಹಳೆಯದು. ನನ್ನ ದೂರು ಬೇರೆ: ಅವುಗಳಲ್ಲಿ ಎಲ್ಲವೂ ತೀರ್ಮಾನವಾಗಿಹೋಗಿದೆ. ಅರಸ ಬಂದ, ಆಳಿದ, ಸೋತ, 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು, ಪಾಠ ಮುಗಿಯಿತು. ಮೈಸೂರಿನ ಹುಡುಗನಿಗೆ ಇದರಿಂದ ದೊಡ್ಡ ನಷ್ಟವಿಲ್ಲದಿರಬಹುದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಕ್ಕಳಿಗೆ, ಪುಸ್ತಕ ಮುಗಿಯಿತೆನ್ನುವುದು ಕಣ್ಣೆದುರಿಗೇ ಮುಗಿಯದೆ ನಿಂತಿದೆ. ಗಡಿಯ ವ್ಯಾಜ್ಯವನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತು. ಕೃಷ್ಣೆ 2005ರಲ್ಲಿ ಉಕ್ಕಿದಳು, 2019ರಲ್ಲಿ ಉಕ್ಕಿದಳು, 2021ರಲ್ಲಿ ಮತ್ತೆ. ನಾಳೆ ಏನೆಂದು ತಿಳಿಯದ ಈ ಮಕ್ಕಳಿಗೆ, ನಾಳೆ ಏನೆಂದು ತಿಳಿಯದೆಯೇ ಬಾಳಿದವರ ಕಥೆಯಲ್ಲವೆ ಬೇಕಾದದ್ದು?

ಕಥೆಗೇನೂ ಕೊರತೆಯಿಲ್ಲ. ರಾಯಬಾಗವನ್ನೇ ನೋಡಿ. 1949ರವರೆಗೆ ಅದು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ನೆರೆಯ ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಕಾಲದಲ್ಲಿ ಮುಂಬಯಿ ಇಲಾಖೆಯಲ್ಲಿದ್ದವು. ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಮಾಡಲು ಹೊರಟರು. ಮುಂಬಯಿ ಇಲಾಖೆಯಲ್ಲಿ ವಿಠ್ಠಲಭಾಯಿ ಪಟೇಲರ 1918ರ ಕಾಯಿದೆ ಆ ಅಧಿಕಾರವನ್ನು ಪುರಸಭೆಗಳಿಗೆ ಮಾತ್ರ ಕೊಟ್ಟಿತು, ಅದೂ ಬೇಕಾದರೆ ಮಾಡಿಕೊಳ್ಳಿ ಎಂಬಂತೆ. ಒಂದೇ ಮಾತಾಡುವ, ಒಂದೇ ಸಂತೆಗೆ ಹೋಗುವ ಎರಡು ಮನೆಗಳ ಮಕ್ಕಳಿಗೆ ಎರಡು ಕಾಯಿದೆ! ಗೆರೆಯೆಂದರೇನೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಾಣದು.

1967ರ ಮಹಾಜನ ವರದಿಯೂ ಅಂಥದೇ. ಅದರಂತೆ ಬೆಳಗಾವಿ ನಮ್ಮಲ್ಲಿಯೇ ಉಳಿಯಬೇಕು, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಬೇಕು. ನಿಪ್ಪಾಣಿ ಸಿಗುವ ಪಕ್ಷ ವರದಿಯನ್ನು ತಳ್ಳಿತು. ಕಳೆದುಕೊಳ್ಳುವ ಪಕ್ಷ ಅದೇ ಆಗಲೆಂದು ಹಿಡಿದು ಕೂತಿತು. ಏಕೆಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದರೆ, ಎರಡೂ ಕಡೆಯ ಅರ್ಧ ಭಾಷಣಗಳು ಆ ಪ್ರಶ್ನೆಯ ಮುಂದೆ ನಿಲ್ಲಲಾರವು.

ಸ್ಥಳೀಯ ಇತಿಹಾಸ ಬರೆಯುವವರಲ್ಲಿಯೂ ದೋಷವಿದೆ. ರಾಯಬಾಗದಲ್ಲಿ ರಟ್ಟರ ಕಾಲದ ಶಾಸನವುಂಟು. ನಾವು ಅದನ್ನು ಜಮೀನಿನ ಉತಾರದಂತೆ ಬೀಸುತ್ತೇವೆ. ಆಚೆಯವರು ಪೇಶವೆ ಕಾಲದ ಮೋಡಿ ಲಿಪಿಯ ಕಾಗದ ಬೀಸುತ್ತಾರೆ. ದತ್ತಿ ಕೊಟ್ಟವರಾರು, ಆ ನೆಲ ಉಳುತ್ತಿದ್ದವರಾರು ಎಂದು ಕೂತು ಓದುವ ವ್ಯವಧಾನ ಇಬ್ಬರಿಗೂ ಇಲ್ಲ.

ನಾನು ಪಾಠ ಬರೆಯುವವನಾದರೆ ಹೆಚ್ಚು ಪುಟ ಕೊಡುವುದು 1981ರ ನಿಪ್ಪಾಣಿಗೆ. ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ ಜೋಶಿಯವರ ಮುಂದಾಳುತನದಲ್ಲಿ ರೈತರು ಮಾರ್ಚ್ ತಿಂಗಳಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಮೂರು ವಾರಕ್ಕೂ ಮೇಲೆ ಕೂತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ರೈತರು ಸತ್ತರು. ತಂಬಾಕಿನ ಬೆಲೆ ಬಿದ್ದರೆ ಕನ್ನಡದ ಮನೆಗೂ ಬೀಳುತ್ತದೆ, ಮರಾಠಿ ಮನೆಗೂ ಬೀಳುತ್ತದೆ. ಇದನ್ನು ತಿಳಿಯಲು ಆ ರಸ್ತೆಯಲ್ಲಿ ಕೂತವರಿಗೆ ಯಾವ ಆಯೋಗವೂ ಬೇಕಾಗಲಿಲ್ಲ. ಅದೇ ಊರಿನ ತಂಬಾಕು ಕಾರಖಾನೆಗಳ ಹೆಂಗಸರು ಸಂಘ ಕಟ್ಟಿ ಹೋರಾಡಿದ ಬಗೆಯನ್ನು ಯುಗಾಂತರ ಎಂಬ ಮಹಿಳಾ ಬಳಗ 1982ರಲ್ಲಿ ಚಲನಚಿತ್ರವಾಗಿ ತೆಗೆಯಿತು. ಗೆಲ್ಲುತ್ತೇವೆಂಬ ಖಾತರಿ ಇವರಾರಿಗೂ ಇರಲಿಲ್ಲ. ಕತ್ತಿ-ಕಿರೀಟಗಳ ಇತಿಹಾಸ ಕೊಡಲಾರದ ಧೈರ್ಯ ಇಲ್ಲಿದೆ.

ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕವೆಂದು ಪಾಲಕರು ಕೇಳುವರು. ಸೊನ್ನೆ. ಇರಲಿ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ನೋಟುಪುಸ್ತಕ ಹಿಡಿದು ಅವರ ಮನೆಯ ಕಟ್ಟೆಗೆ ಹೋಗಬಹುದು. ರಸ್ತೆಯಲ್ಲಿ ಕೂತ ಅಷ್ಟು ದಿನ ಊಟ ಎಲ್ಲಿಂದ ಬಂತೆಂಬಲ್ಲಿಂದ ಮೊದಲುಮಾಡಬಹುದು.