‘777 ಚಾರ್ಲಿ’ ಮತ್ತು ಜೀವಂಧರನ ನಾಯಿ

ಕಾಸರಗೋಡಿನವರಾದ ಕಿರಣ್‌ರಾಜ್ ಕೆ. ಅವರು ನಿರ್ದೇಶಿಸಿ, ರಕ್ಷಿತ್ ಶೆಟ್ಟಿಯವರು ನಾಯಕರಾಗಿ ಅಭಿನಯಿಸಿದ ‘777 ಚಾರ್ಲಿ’ ಚಲನಚಿತ್ರವು 2022ರ ಜೂನ್ 10ರಂದು ತೆರೆಕಂಡಿತು. 2021ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ಅದಕ್ಕೆ ದೊರೆಯಿತು. ನೋಡಿದವರೆಲ್ಲ ಕಣ್ಣೀರು ಹಾಕಿದರೆಂಬ ಸುದ್ದಿ ಕನಮಡಿಯಂಥ ಗಡಿ ಊರಿನ ನಮ್ಮ ಮನೆಗಳಿಗೂ ಮುಟ್ಟಿದೆ. ಊರು, ಉದ್ಯೋಗ, ಸಂಸಾರ ಇವುಗಳನ್ನು ಬದಿಗಿರಿಸಿ ಮೋಟಾರ್ ಸೈಕಲ್ ಏರಿ ಹಿಮಾಲಯದತ್ತ ಹೊರಡಬೇಕೆಂಬ ಹಂಬಲ ನಮ್ಮ ತರುಣರಲ್ಲಿ ಬೆಳೆಯುತ್ತಿರುವ ಈ ಕಾಲದಲ್ಲಿ, ಶ್ರಾವಕರು ಈ ಚಿತ್ರವನ್ನು ಕೇವಲ ಮನರಂಜನೆಯೆಂದು ಬಿಟ್ಟುಬಿಡಲಾಗದು.

ಕಥೆ ಸರಳ. ಬಾಲ್ಯದಲ್ಲಿಯೇ ತಂದೆ, ತಾಯಿ, ತಂಗಿಯನ್ನು ಅಪಘಾತದಲ್ಲಿ ಕಳೆದುಕೊಂಡ ಧರ್ಮ ಮೈಸೂರಿನಲ್ಲಿ ಒಬ್ಬಂಟಿ. ಕಾರ್ಖಾನೆ, ಜಗಳ, ಸಿಗರೇಟು, ಮದ್ಯ, ಚಾಪ್ಲಿನ್ನನ ಚಿತ್ರಗಳು: ಇಷ್ಟೇ ಅವನ ದಿನಚರಿ. ನಾಯಿ ಸಾಕಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಹೆಣ್ಣುನಾಯಿಯೊಂದು ಅವನ ಬಾಳನ್ನು ಹೊಕ್ಕುತ್ತದೆ. ಅದಕ್ಕೆ ಮಾರಕ ಅರ್ಬುದ ರೋಗವಿದೆಯೆಂದು ತಿಳಿದಾಗ, ದೂರದರ್ಶನದಲ್ಲಿ ಹಿಮ ಕಂಡು ಹಿಗ್ಗುತ್ತಿದ್ದ ಅದಕ್ಕೆ ನಿಜವಾದ ಹಿಮವನ್ನೇ ತೋರಿಸಲು ಧರ್ಮ ಹೊರಡುತ್ತಾನೆ. ಪಕ್ಕದ ತೊಟ್ಟಿಲುಗಾಡಿಯಲ್ಲಿ ನಾಯಿ, ಮುಂದೆ ಹಲವು ರಾಜ್ಯಗಳ ದಾರಿ.

ನಾಯಕನ ಹೆಸರು ಆಕಸ್ಮಿಕವಲ್ಲ. ಹಿಮಾಲಯವನ್ನೇರಿದ ಧರ್ಮರಾಯನನ್ನು ಕೊನೆಯವರೆಗೆ ಹಿಂಬಾಲಿಸಿದ ನಾಯಿಯ ವ್ಯಾಸ ಭಾರತದ ಪ್ರಸಂಗವನ್ನು ನಿರ್ದೇಶಕರು ಮನಸ್ಸಿನಲ್ಲಿಟ್ಟಿದ್ದಾರೆ. ಜೈನ ಪರಂಪರೆಯ ಪಾಂಡವರಿಗಾದರೋ ಈ ಮಹಾಪ್ರಸ್ಥಾನವಿಲ್ಲ. ಅವರು ದೀಕ್ಷೆ ಪಡೆದು ಶತ್ರುಂಜಯ ಗಿರಿಯಲ್ಲಿ ಉಪಸರ್ಗವನ್ನು ಸಹಿಸುತ್ತ ನಿಶ್ಚಲರಾಗಿ ನಿಂತವರು. ಪಂಪನಂತೂ ತನ್ನ ಭಾರತವನ್ನು ಪಟ್ಟಾಭಿಷೇಕದಲ್ಲಿಯೇ ಮುಗಿಸಿದ. ಹಾಗಾದರೆ ನಾಯಿಗೂ ಪಯಣಕ್ಕೂ ನಂಟಿರುವ ಕಥೆ ನಮ್ಮಲ್ಲಿಲ್ಲವೇ? ಇದೆ, ಅದು ಜೀವಂಧರನ ಕಥೆ. ವಾದೀಭಸಿಂಹನ ‘ಕ್ಷತ್ರಚೂಡಾಮಣಿ’ಯಲ್ಲಿ, ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ರಚಿಸಿದ ‘ಜೀವಂಧರ ಚರಿತೆ’ಯಲ್ಲಿ ಅದನ್ನು ಓದಬಹುದು. ಯಜ್ಞದ ಹವಿಸ್ಸನ್ನು ಮುಟ್ಟಿದುದಕ್ಕಾಗಿ ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಬಳಿ ಜೀವಂಧರ ಕುಳಿತು ಪಂಚನಮಸ್ಕಾರ ಮಂತ್ರವನ್ನು ಕೇಳಿಸುತ್ತಾನೆ. ನಾಯಿ ಸುದರ್ಶನನೆಂಬ ಯಕ್ಷನಾಗಿ ಜನಿಸುತ್ತದೆ. ಮುಂದೆ ಕಾಷ್ಠಾಂಗಾರನು ಮರಣದಂಡನೆ ವಿಧಿಸಿದಾಗ ಕುಮಾರನನ್ನು ಎತ್ತಿಕೊಂಡು ಹೋಗಿ ರಕ್ಷಿಸುವವನು ಆ ಯಕ್ಷನೇ. ಅನಂತರವೇ ಜೀವಂಧರನ ಏಕಾಂಗಿ ಸಂಚಾರ ಆರಂಭವಾಗುವುದು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಚಿತ್ರದ ಬಗೆಗೆ ಒಂದು ಸಂಶಯ ಏಳುತ್ತದೆ. ಜೀವಂಧರ ನಾಯಿ ಬಿದ್ದಲ್ಲಿಯೇ ಕುಳಿತ. ಅದರ ಅಂತ್ಯಕಾಲದ ಶಾಂತಿಯನ್ನಷ್ಟೇ ಬಯಸಿದ. ಧರ್ಮನಾದರೋ ರೋಗಗ್ರಸ್ತ ಜೀವವನ್ನು ಬಿಸಿಲು, ಧೂಳು, ಚಳಿಗಳ ನಡುವೆ ಸಾವಿರಾರು ಕಿಲೋಮೀಟರು ಕೊಂಡೊಯ್ಯುತ್ತಾನೆ. ಹಿಮ ನೋಡಬೇಕೆಂಬುದು ಯಾರ ಬಯಕೆ? ನಾಯಿಯ ಹಿಗ್ಗಿಗೆ ಅರ್ಥ ಹಚ್ಚಿದವನು ಮನುಷ್ಯನೇ ಅಲ್ಲವೇ? ನಿರ್ದೇಶಕರು ಈ ಪ್ರಶ್ನೆಯನ್ನು ಎಲ್ಲಿಯೂ ಎತ್ತುವುದಿಲ್ಲ. ಸಂಗೀತವು ಅದನ್ನು ಮುಚ್ಚಿಬಿಡುತ್ತದೆ. ಧರ್ಮನನ್ನು ಹಿಂಬಾಲಿಸುವ ಪ್ರಾಣಿಕಲ್ಯಾಣ ಅಧಿಕಾರಿ ದೇವಿಕಾ ಇದನ್ನು ಕೇಳಲು ತಕ್ಕ ಪಾತ್ರವಾಗಿದ್ದಳು. ಆಕೆಯನ್ನು ಬರಿಯ ಸಾಕ್ಷಿಯನ್ನಾಗಿಸಿದುದು ಚಿತ್ರಕಥೆಯ ದೊಡ್ಡ ಕೊರತೆ.

ಆದರೂ ಚಿತ್ರದ ಒಂದು ಅಂಶವನ್ನು ಮುಕ್ತಕಂಠದಿಂದ ಮೆಚ್ಚಬೇಕು. ಚಾರ್ಲಿಯ ರೋಗಕ್ಕೆ ಕಾರಣ ವಿಧಿಯಲ್ಲ, ವ್ಯಾಪಾರ. ತಳಿಯ ಅಂದವನ್ನು ಮಾರಾಟಕ್ಕಾಗಿ ಉಳಿಸಿಕೊಳ್ಳಲು ರಕ್ತಸಂಬಂಧವುಳ್ಳ ನಾಯಿಗಳನ್ನೇ ಕೂಡಿಸಿ ಮರಿ ಹಾಕಿಸುವ ದಂಧೆಯನ್ನು ಚಿತ್ರ ಬಯಲಿಗಿಡುತ್ತದೆ. ವ್ಯಾಪಾರವನ್ನೇ ವೃತ್ತಿಯಾಗಿ ಮಾಡಿದ ನಮಗೆ ಇದು ನೇರವಾಗಿ ತಟ್ಟಬೇಕಾದ ಮಾತು. ಶ್ರಾವಕನು ವರ್ಜಿಸಬೇಕಾದ ಹದಿನೈದು ಖರಕರ್ಮಗಳಲ್ಲಿ ಕೇಶವಾಣಿಜ್ಯ, ಅಂದರೆ ಜೀವಿಗಳ ವ್ಯಾಪಾರ, ಒಂದು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಷ್ಟು ಆ ಪಂಜರಗಳೊಳಗೆ ನಡೆಯುತ್ತವೆಂಬುದನ್ನು ಎಣಿಸಿ ನೋಡಬಹುದು. ಮಾರುವವನಷ್ಟೇ ಅಲ್ಲ, ಮಕ್ಕಳ ಹುಟ್ಟುಹಬ್ಬಕ್ಕೆಂದು ಹಣ ಕೊಟ್ಟು ಮರಿ ತರುವ ಮನೆಯವರೂ ಇದರ ಪಾಲುದಾರರು. ಅಂಥ ಮನೆಗಳು ನಮ್ಮ ಸಮಾಜದಲ್ಲಿ ಇಲ್ಲವೆನ್ನಲಾರೆ.

ಇನ್ನು ನೆಲೆನಿಲ್ಲುವ ಪ್ರಶ್ನೆ. ಚಿತ್ರದಲ್ಲಿ ಧರ್ಮ ಹೊರಡುವುದು ಸುಲಭ. ಬಿಟ್ಟುಹೋಗಲು ಅವನಿಗೆ ಯಾರೂ ಇಲ್ಲ. ಮುಪ್ಪಿನ ತಾಯಿ, ಅಂಗಡಿಯ ಲೆಕ್ಕ, ಬ್ಯಾಂಕಿನ ಸಾಲ ಇವೊಂದೂ ಇಲ್ಲದವನ ಸಾಹಸವನ್ನು ಇವೆಲ್ಲ ಇರುವ ಹುಡುಗನು ಮಾದರಿಯಾಗಿ ಇಟ್ಟುಕೊಂಡರೆ ಲೆಕ್ಕ ತಪ್ಪುತ್ತದೆ. ಹಾಗೆಂದು ಮನೆಯಲ್ಲಿ ಕುಳಿತವನೇ ಧರ್ಮಿಷ್ಠ ಎನ್ನುವ ಹಿರಿಯರ ವಾದವನ್ನೂ ನಾನು ಒಪ್ಪಲಾರೆ. ದಿಗ್ವ್ರತವು ದಿಕ್ಕುಗಳಿಗೆ ಮೇರೆ ಹಾಕುವುದು ದಾರಿಯ ಭಯದಿಂದಲ್ಲ. ಆ ಮೇರೆಯಾಚೆ ತನ್ನಿಂದ ಸೂಕ್ಷ್ಮ ಹಿಂಸೆಯೂ ಆಗದಿರಲೆಂಬುದು ಸಮಂತಭದ್ರಾಚಾರ್ಯರ ಆಶಯ. ಆದ್ದರಿಂದ ಎಷ್ಟು ದೂರ ಹೋದೆ ಎಂದಲ್ಲ, ಹೋದಲ್ಲಿ ಏನು ಮಾಡಿದೆ ಎಂದು ಕೇಳಬೇಕು. ಜೀವಂಧರ ತನ್ನ ಸಂಚಾರದಲ್ಲಿ ಕಾಳ್ಗಿಚ್ಚಿಗೆ ಸಿಕ್ಕ ಆನೆಗಳ ಉಳಿವಿಗಾಗಿ ಪ್ರಾರ್ಥಿಸಿದ, ಒಬ್ಬ ಒಕ್ಕಲಿಗನಿಗೆ ಗೃಹಸ್ಥಧರ್ಮವನ್ನು ತಿಳಿಸಿ ಮೈಮೇಲಿನ ಒಡವೆಗಳನ್ನೂ ಕೊಟ್ಟ. (ದಾರಿಯಲ್ಲಿ ಹಲವು ವಿವಾಹಗಳನ್ನೂ ಮಾಡಿಕೊಂಡ, ಸಾಹಸವೋ ಸಂಸಾರವೋ ಎಂಬ ನಮ್ಮ ತರುಣರ ತೊಡಕು ಅವನಿಗೆ ಬರಲಿಲ್ಲ!) ಕೊನೆಗೆ ಮರಳಿ ಬಂದು ರಾಜ್ಯವಾಳಿ, ಕೋತಿಯ ಕೈಯ ಹಣ್ಣನ್ನು ವನಪಾಲ ಕಸಿದುಕೊಂಡುದನ್ನು ಕಂಡು ವಿರಕ್ತನಾದ. ಚಿತ್ರದ ಧರ್ಮನೂ ಹಿಮದ ನಾಡಿನಲ್ಲಿ ಚಾರ್ಲಿಯನ್ನು ಕಳೆದುಕೊಂಡ ಮೇಲೆ ಅಲೆಮಾರಿಯಾಗಿ ಉಳಿಯುವುದಿಲ್ಲ. ದಿಕ್ಕಿಲ್ಲದ ನಾಯಿಗಳಿಗೆ ಆಸರೆಯಾಗಿ ನೆಲೆನಿಲ್ಲುತ್ತಾನೆ. ಪ್ರಯಾಣದ ದೃಶ್ಯಗಳನ್ನು ಕೊಂಡಾಡುವವರು ಈ ಭಾಗವನ್ನು ಮರೆಯುವುದೇ ಹೆಚ್ಚು.

ನಮ್ಮ ಕಡೆಯ ಅಡವಿಗಳಲ್ಲಿ ಕುರಿಹಿಂಡಿನೊಡನೆ ತಿಂಗಳುಗಟ್ಟಲೆ ನಡೆಯುವ ಕುರಿಗಾರರ ಜೊತೆಗೂ ನಾಯಿಗಳಿರುತ್ತವೆ. ಅವರ ಪಯಣವನ್ನು ಯಾರೂ ಸಾಹಸವೆಂದು ಕರೆದಿಲ್ಲ.

ದಶಲಕ್ಷಣ ಪರ್ವದ ದಿನಗಳಲ್ಲಿ ಮಕ್ಕಳಿಗೆ ಈ ಚಿತ್ರ ತೋರಿಸಬಯಸುವ ಬಸದಿಯ ಟ್ರಸ್ಟಿನವರಿಗೆ ಒಂದು ಸೂಚನೆ. ಚಿತ್ರ ಎರಡೂವರೆ ಗಂಟೆಗೂ ಹೆಚ್ಚು ಉದ್ದವಿದೆ, ಮೊದಲ ಭಾಗದಲ್ಲಿ ಮದ್ಯಪಾನ ಧೂಮಪಾನಗಳ ದೃಶ್ಯಗಳಿವೆ. ಹಿರಿಯರೊಬ್ಬರು ಮೊದಲು ನೋಡಿ, ಎಲ್ಲಿಂದ ಆರಂಭಿಸಬೇಕೆಂದು ನಿಶ್ಚಯಿಸುವುದು ಒಳ್ಳೆಯದು. ಹಿಂದಿನ ಸಂಜೆ ಜೀವಂಧರನ ನಾಯಿಯ ಪ್ರಸಂಗವನ್ನು ಹೇಳಿಸಿದ್ದರೆ, ಚಿತ್ರ ಮುಗಿದ ಬಳಿಕ ಮಕ್ಕಳೇ ಪ್ರಶ್ನೆಗಳನ್ನು ಕೇಳುತ್ತಾರೆ.